ತುಂಬಿದ ಬಕೆಟ್

ಕ್ರೇನ್ ಓಡಿಸುವವರಿಗೆ ಲೈಸೆನ್ಸ್ ಕೊಡುವ ಕಚೇರಿಗೆ ಅವಳು ಕೂಸನ್ನೆತ್ತಿಕೊಂಡು, ಗಂಡನ ಲೈಸೆನ್ಸ್ ಹಿಡಿದು ಬಂದಳು. ಪರೀಕ್ಷಾಧಿಕಾರಿ ಎದ್ದು ಕುರ್ಚಿ ಕೊಟ್ಟರು, ಫ್ಯಾನನ್ನು ಕೂಸಿನ ಕಡೆ ತಿರುಗಿಸಿದರು.

"ಕ್ರೇನ್ ಮಗುಚಿ ನಮ್ಮನೆಯವರು ಹೋಗ್ಬಿಟ್ರು ಸರ್," ಎಂದಳು, ಹಾಜರಿ ಹೇಳುವಂತೆ. "ಅವರಿಗೆ ಕೆಲಸಾನೇ ಬರ್ತಿರಲಿಲ್ಲ ಅಂತಾರೆ ಕಂಪನಿಯವರು. ಪರಿಹಾರ ಕೊಡಲ್ವಂತೆ."

"ಹಾಗೆ ಹೇಗಂತಾರಮ್ಮ? ತುಂಬಿದ ಬಕೆಟ್ಟನ್ನ ಕ್ರೇನಲ್ಲಿ ಎತ್ತಿ, ಒಂದು ಹನಿ ಚೆಲ್ಲದ ಹಾಗೆ ಇಳಿಸಿದ್ರೆ ಮಾತ್ರ ನಾನು ಪಾಸ್ ಮಾಡೋದು. ಬರ್ಕೊಡ್ತೀನಿ, ತಗೊಂಡ್ಹೋಗಿ."

ಬರೆದು, ಸಹಿ ಹಾಕಿ, ಸೀಲೊತ್ತಿ ಕೊಟ್ಟರು. ಅವಳು ಕಾಗದವನ್ನು ಮಡಚಿಟ್ಟುಕೊಂಡಳು.

"ನಿಮ್ಮನ್ನ ದಿನಾ ನೆನೀತಿದ್ರು ಸರ್. ಅವತ್ತು ಅರ್ಧ ಬಕೆಟ್ ನೀರು ಚೆಲ್ಲಿದ್ರೂ, ಹೆಂಡ್ತಿ ತುಂಬು ಬಸುರಿ ಅಂದಿದ್ದಕ್ಕೆ ಪಾಸ್ ಮಾಡಿದ್ರಂತಲ್ಲ ನೀವು."