ಮುಷ್ಟಿಯಲ್ಲಿ ಉಳಿದದ್ದು

ಉಂಡವರು ಮರೆತರೂ ತಾನು ಮರೆಯದೆ, ಒಡಲೊಳಗೆ ಬೆಂಕಿಯಾಗಿ ನೆಲೆಸಿ ಉಂಡದ್ದನ್ನು ಉಸಿರಾಗಿಸುವ ದೇವದೇವನಿಗೆ ಮೊದಲ ನಮನ.

ಪರೀಕ್ಷಕರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಉದರವೊಂದು ತೆರೆದುಕೊಂಡು ಮಲಗಿತ್ತು. ವೈದ್ಯ ವಿದ್ಯಾರ್ಥಿನಿ ಜಠರವನ್ನು ಎತ್ತಿ ತೋರಿಸಿದಳು, ಯಕೃತ್ತನ್ನು ತೋರಿಸಿದಳು; ದೊಡ್ಡ ಕರುಳಿನ ಬುಡದಿಂದ ಕಿರುಬೆರಳಿನಷ್ಟು ಅಪೆಂಡಿಕ್ಸನ್ನು ಕಳಚಿ ಹಿಡಿದಳು. ಎರಡು ಸಲ ಇದೇ ಮೌಖಿಕ ಪರೀಕ್ಷೆಯಲ್ಲಿ ಮುಗ್ಗರಿಸಿದವಳಿಗೆ ಇದು ಕಡೆಯ ಅವಕಾಶ. ಇಂದು ನಾಲಗೆ ಎಲ್ಲಿಯೂ ತಡವರಿಸಿರಲಿಲ್ಲ.

"ಅದು ಊದಿಕೊಂಡ್ರೆ ನೋವು ಎಲ್ಲಮ್ಮ?" ಶಸ್ತ್ರವೈದ್ಯರಾದ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು.

"ಮೊದಲು ಹೊಕ್ಕುಳ ಸುತ್ತ, ಸಾರ್. ಆಮೇಲೆ ಕೆಳಗೆ, ಬಲಕ್ಕೆ."

"ಭೇಷ್. ಒದ್ದಾಡ್ತಿದ್ದ ರೋಗಿ ದಿಢೀರಂತ ಎದ್ದು, ನೋವೇ ಇಲ್ಲ ಅಂತ ನಗ್ತಾನೆ. ಮನೆಗೆ ಕಳಿಸ್ತೀಯಾ?"

ಅವಳಿಗೆ ಮನೆ ನೆನಪಾಯಿತು. ಎರಡು ದಿನದಿಂದ ಹೊಟ್ಟೆ ಹಿಡಿದು ನರಳುತ್ತಿದ್ದ ತಮ್ಮನನ್ನು, ಪುಸ್ತಕದಿಂದ ತಲೆಯೆತ್ತದೆಯೇ "ಏನೋ ಹಾಳುಮೂಳು ತಿಂದಿರ್ತೀಯ" ಎಂದು ಗದರಿದ್ದಳು. ಇಂದು ಬೆಳಿಗ್ಗೆ ಅವನೇ ಬಾಗಿಲಿಗೆ ಬಂದು ಹಲ್ಲು ಕಿರಿದಿದ್ದ: "ನಿನ್ನ ಗಿಳಿಪಾಠಕ್ಕೆ ಹೆದರಿ ನೋವೇ ಓಡಿಹೋಯ್ತು ಕಣೇ ಅಕ್ಕ!"

"ಸುಮ್ಮನಿದ್ರೆ ಅಂಕ ಬರಲ್ಲಮ್ಮ. ಕಳಿಸ್ತೀಯಾ?"

"ಬಿಟ್ಟು ಬಂದಿದೀನಿ, ಸಾರ್... ನನ್ನ ತಮ್ಮನ್ನ!"

ಕುರ್ಚಿ ಹಿಂದಕ್ಕೆ ಉರುಳಿತು. "ಎದ್ದು ಹೋದ್ರೆ ಪರೀಕ್ಷೆ ಮುಗೀತು" ಎಂಬ ಮಾತು ಬೆನ್ನಿಗೆ ಬಡಿಯುವಷ್ಟರಲ್ಲಿ ಅವಳು ಹೊರಗೆ ಚೀಲದಿಂದ ಫೋನು ತೆಗೆದಿದ್ದಳು.

"ಈಗ ತಾನೇ ನಿದ್ದೆ ಹತ್ತಿದೆ ಕಣೇ," ಎಂದಳು ಅಮ್ಮ. "ಯಾಕೋ ಮೈಯೆಲ್ಲ ತಣ್ಣಗೆ ಬೆವರ್ತಿದೆ. ಎಬ್ಬಿಸ್ಲಾ?"

ಹಿಂದಿನಿಂದ ಬಂದ ಕೈಯೊಂದು ಫೋನನ್ನು ಕಿತ್ತುಕೊಂಡಿತು. "ಎಬ್ಬಿಸಿಯಮ್ಮ," ಎಂದರು ಪರೀಕ್ಷಕರು. "ಒಂದು ಗುಟುಕು ನೀರೂ ಕೊಡ್ಬೇಡಿ. ಮನೆ ಎಲ್ಲಿ ಹೇಳಿ, ಆಂಬುಲೆನ್ಸ್ ಕಳಿಸ್ತೀನಿ."

ಸಂಜೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ತೆರೆಯಿತು. ಪರೀಕ್ಷಕರು ಹೊರಬಂದು ಮುಖಗವಸು ಇಳಿಸಿದರು.

"ಒಳಗೇ ಒಡೆದಿತ್ತು, ಅದಕ್ಕೇ ನೋವು ಮಾಯವಾದ ಹಾಗಿತ್ತು. ತೆಗೆದು, ತೊಳೆದಿದೀನಿ. ಬದುಕ್ಕೊಳ್ತಾನೆ."

ಅಮ್ಮ ಕೈ ಮುಗಿದಳು. ಅವರು ಮಗಳ ಮುಷ್ಟಿಯತ್ತ ಕೈ ಚಾಚಿದರು. "ಅದನ್ನ ಕೊಡು. ನಿನ್ನ ನಂತರದವರು ಅದಿಲ್ದೆ ಪರದಾಡಿದ್ರು. ಮತ್ತೆ, ನನ್ನ ಪ್ರಶ್ನೆಗೆ ನೀನು ಉತ್ತರ ಹೇಳಲಿಲ್ಲ."

ಬೆಳಗಿನಿಂದ ಬಿಗಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಪ್ಲಾಸ್ಟಿಕ್ಕಿನ ಆ ಅಪೆಂಡಿಕ್ಸು ಅಂಗೈಯಲ್ಲಿ ತನ್ನದೇ ಆಕಾರದ ಕೆಂಪು ಗುರುತು ಮೂಡಿಸಿತ್ತು.

"ಮೊದಲು ಹೊಟ್ಟೆ ಮುಟ್ಟಿ ನೋಡ್ತೀನಿ, ಸಾರ್."

ಈ ಕಥೆ ಕೇಳಿದವರೆಲ್ಲರ ಮನೆಯಲ್ಲಿ ಉಂಡದ್ದು ಮೈಗೂಡಲಿ. ನೊಂದ ಒಡಲಿಗೆ ತಡವಾಗದೆ ಒಂದು ಕೈ ದೊರಕಲಿ.