ಕೆಂಪಿಯ ಬೆನ್ನ ಮೇಲೆ ಜರ್ಮನಿ ಚಾಕು

ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಬರುತ್ತಿದ್ದ ಹಬೀಬುಲ್ಲಾ ತೂಬಿನ ಹತ್ತಿರ ಗಕ್ಕನೆ ನಿಂತ. ನೀರಿನಲ್ಲಿ ನರಸಿಂಹಯ್ಯನ ಹಸು ಕೆಂಪಿ ಉಸಿರಿಗಾಗಿ ಒದ್ದಾಡುತ್ತಿತ್ತು. ನೀರು ಕುಡಿಯಲು ಇಳಿದಾಗ ಕೊರಳಿನ ನೈಲಾನ್ ಹಗ್ಗ ತೂಬಿನ ಕಬ್ಬಿಣಕ್ಕೆ ಸಿಕ್ಕಿಹಾಕಿಕೊಂಡಿತ್ತು. ಎಳೆದಷ್ಟೂ ಕುಣಿಕೆ ಬಿಗಿಯುತ್ತಿತ್ತು. ಎದೆಮಟ್ಟ ನೀರಿನಲ್ಲಿ ನಿಂತಿದ್ದ ನರಸಿಂಹಯ್ಯ ಒಂದು ಕೈಯಲ್ಲಿ ಅದರ ಮೂತಿಯನ್ನು ಮೇಲೆತ್ತಿ ಹಿಡಿದು, ಇನ್ನೊಂದರಲ್ಲಿ ಗಂಟು ಬಿಚ್ಚಲು ಹೋಗಿ ಉಗುರು ಕಿತ್ತುಕೊಂಡಿದ್ದ. ಹಸು ತುಂಬಿದ ಗಬ್ಬ ಬೇರೆ.

ಹಬೀಬುಲ್ಲಾನ ಜೇಬಿನಲ್ಲಿ ಚಾಕು ಇತ್ತು. ಅದು ಅಂತಿಂಥ ಚಾಕುವಲ್ಲ ಸ್ವಾಮಿ. ಬಾಮೈದ ಗಯಾಸ್ ಕುವೈತಿನಿಂದ ತಂದುಕೊಟ್ಟ ಜರ್ಮನಿಯ ಮಡಿಚುವ ಚಾಕು. ಜಿಂಕೆ ಕೊಂಬಿನ ಹಿಡಿ. ಬಿಚ್ಚಿದರೆ ‘ಟಕ್’ ಎಂದು ಬೀಗ ಬಿದ್ದು, ತಾನಾಗಿ ಮಡಿಚಿಕೊಳ್ಳದೆ ನಿಲ್ಲುವ ಅಲಗು. ತನ್ನ ಸೈಕಲ್ ಅಂಗಡಿಗೆ ಬಂದವರಿಗೆಲ್ಲ ಅದರ ಹರಿತ ತೋರಿಸಲು ಮುಂಗೈ ಕೂದಲು ಬೋಳಿಸಿ ಬೋಳಿಸಿ, ಅವನ ಎಡಗೈ ಮದುಮಗನ ಗಲ್ಲದಂತೆ ನುಣ್ಣಗಾಗಿತ್ತು. ಅದನ್ನು ಬಿಟ್ಟರೆ ಆ ಚಾಕು ಭೂಮಿಯ ಮೇಲೆ ಏನನ್ನೂ ಕೊಯ್ದಿರಲಿಲ್ಲ. ಈರುಳ್ಳಿ ಹೆಚ್ಚಲು ಕೇಳಿದ ಹೆಂಡತಿ ಸಬೀರಾಳಿಗೂ ಸಿಕ್ಕಿರಲಿಲ್ಲ.

ಜಗಳ ಆಗಿದ್ದೂ ಅದರಿಂದಲೇ. ಚಡ್ಡಿ ಹಾಕುತ್ತಿದ್ದ ಕಾಲದ ಗೆಳೆಯ ನರಸಿಂಹಯ್ಯ ತೋಟದ ಮೊದಲ ಸೀಬೆಹಣ್ಣು ತಂದು, “ಕೊಡೋ ಅಬೀಬ, ಎರಡು ಓಳು ಮಾಡಾನ” ಎಂದು ಕೇಳಿದ್ದ. “ಸೀಬೆ ರಸಕ್ಕೆ ಅಲಗು ಕಪ್ಪಾಗುತ್ತೆ, ಹಲ್ಲಲ್ಲೇ ಕಚ್ಚು” ಎಂದುಬಿಟ್ಟಿದ್ದ ಹಬೀಬುಲ್ಲಾ, ಟೀ ಅಂಗಡಿ ತುಂಬ ಜನರ ಎದುರಿಗೆ. ಹಣ್ಣನ್ನು ಬೆಂಚಿನ ಮೇಲಿಟ್ಟು ಎದ್ದುಹೋದ ನರಸಿಂಹಯ್ಯ ಎರಡು ತಿಂಗಳಿಂದ ಈ ಕಡೆ ಮುಖ ಹಾಕಿರಲಿಲ್ಲ. ಆಡಿದ ಮಾತು ಹಬೀಬುಲ್ಲಾನ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ತಪ್ಪಾಯಿತು ಎನ್ನೋಣವೆಂದರೆ ಗತ್ತು ಅಡ್ಡ ಬರುತ್ತಿತ್ತು.

ಈಗಲೂ ನರಸಿಂಹಯ್ಯ ಅವನ ಕಡೆ ತಿರುಗಲಿಲ್ಲ. ಹಸುವಿಗೇ ಹೇಳಿದ: “ಕೆಂಪಿ, ಏರಿ ಮ್ಯಾಲೆ ನಿಂತಿರೋರತ್ರ ಚಾಕು ಅದೆ. ಕೊಡ್ತಾರಾ ಕೇಳೆ.”

“ಬರ್ತಾ ಇದ್ದೀನಿ ಅಂತ ನಿಮ್ಮ ಯಜಮಾನ್ರಿಗೆ ಹೇಳಮ್ಮ ಕೆಂಪಿ,” ಎಂದ ಹಬೀಬುಲ್ಲಾ, ಸೈಕಲ್ ಅಲ್ಲೇ ಬೀಳಿಸಿ ಪೈಜಾಮ ಸಮೇತ ಇಳಿದ. ಈಜು ಬಾರದು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಹಸುವಿನ ಬಾಲದವರೆಗೆ ಬಂದ. ಅದರಾಚೆ ಆಳ ಜಾಸ್ತಿ, ಮುಂದೆ ಹೋಗಲು ಧೈರ್ಯವಾಗಲಿಲ್ಲ. ಅಲ್ಲಿಂದಲೇ ಚಾಕು ಬಿಚ್ಚಿ, ಹಿಡಿಯನ್ನು ಮುಂದೆ ಮಾಡಿ ಕೈ ಚಾಚಿದ.

ನರಸಿಂಹಯ್ಯ ತನ್ನ ಕೈ ಹಿಂದಕ್ಕೆಳೆದುಕೊಂಡ. “ಕೈಗೆ ಕೊಡಬ್ಯಾಡ. ಕೆಳಗಿಡು, ತಗೊಂತೀನಿ.”

ಚಾಕು ಕೈಯಿಂದ ಕೈಗೆ ಹೋದರೆ ಕೊಟ್ಟವನಿಗೂ ಇಸಕೊಂಡವನಿಗೂ ಸ್ನೇಹ ಮುರಿಯುತ್ತದೆ ಎಂಬ ಮಾತು ಹಬೀಬುಲ್ಲಾನ ಮನೆಯಲ್ಲೂ ಉಂಟು. ಆದರೆ ಶಾಸ್ತ್ರಕ್ಕೂ ಒಂದು ಹೊತ್ತುಗೊತ್ತು ಬೇಡವೇ?

“ಕೆರೆ ಮಧ್ಯೆ ಎಲ್ಲಯ್ಯಾ ಕೆಳಗಿಡ್ಲಿ? ಮೀನಿನ ತಲೆ ಮೇಲಾ?”

“ಎಲ್ಲಾನ ಇಡು. ಕೈಗೆ ಮಾತ್ರ ಬ್ಯಾಡ.”

“ಹಸು ಸಾಯ್ತಾ ಇದೆ ಕಣೋ.”

“ಅದಕ್ಕೇ ಬ್ಯಾಗ ಇಡು ಅನ್ನದು.”

ಇವನ ಮೊಂಡುತನಕ್ಕಿಷ್ಟು ಬೆಂಕಿ ಬೀಳ ಎಂದು ಹಲ್ಲು ಕಡಿಯುತ್ತ ಹಬೀಬುಲ್ಲಾ ಸುತ್ತ ನೋಡಿದ. ನೀರಿನ ಮೇಲೆ ಕಾಣುತ್ತಿದ್ದದ್ದು ಕೆಂಪಿಯ ಬೆನ್ನೊಂದೇ. ಧೂಳು ತಾಗಬಾರದೆಂದು ಕರ್ಚೀಫಿನಲ್ಲಿ ಸುತ್ತಿಡುತ್ತಿದ್ದ ಚಾಕುವನ್ನು ಆ ಒದ್ದೆ ಬೆನ್ನಿನ ಮೇಲೆ ಇಟ್ಟ. ಹಸು ನಡುಗಿತು, ಚಾಕು ಜಾರಿತು. ಹಬೀಬುಲ್ಲಾನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ನರಸಿಂಹಯ್ಯ ಅದನ್ನು ಗಬಕ್ಕನೆ ಹಿಡಿದು ಹಗ್ಗಕ್ಕೆ ಹಾಕಿದ. ಹೆಬ್ಬೆರಳು ದಪ್ಪದ ನೈಲಾನ್ ಬಾಳೆದಿಂಡಿನಂತೆ ಒಂದೇ ಎಳೆತಕ್ಕೆ ಎರಡಾಯಿತು. ಸಂತೆಯ ಚಾಕುವಾಗಿದ್ದರೆ ಆ ಬಿಗಿತಕ್ಕೆ ಮಡಿಚಿಕೊಂಡು ಬೆರಳನ್ನೇ ತಿನ್ನುತ್ತಿತ್ತು.

ಕೆಂಪಿ ಬುಸ್ಸೆಂದು ದಡ ಹತ್ತಿ, ಮೈ ಕೊಡವಿ, ಏನೂ ಆಗೇ ಇಲ್ಲವೆಂಬಂತೆ ಗರಿಕೆಗೆ ಬಾಯಿ ಹಾಕಿತು. ಹಿಂದೆಯೇ ಇಬ್ಬರೂ ಏದುಸಿರು ಬಿಡುತ್ತ ಬಂದು ಏರಿಯ ಮೇಲೆ ಕುಕ್ಕರಿಸಿದರು. ಹಬ್ಬದ ಚಂದ್ರ ಕಂಡಷ್ಟು ಸಂತೋಷ ಹಬೀಬುಲ್ಲಾನಿಗೆ. ಹಸು ಉಳಿಯಿತೆಂದೋ, ಚಾಕು ಕೊನೆಗೂ ಏನನ್ನಾದರೂ ಕೊಯ್ದಿತೆಂದೋ, ಅವನಿಗೇ ತಿಳಿಯಲಿಲ್ಲ.

ನರಸಿಂಹಯ್ಯ ಅಲಗನ್ನು ಪಂಚೆಯ ತುದಿಯಲ್ಲಿ ಒರೆಸಿ ಒರೆಸಿ, ಕೈಗೆ ಕೊಡದೆ, ಇಬ್ಬರ ನಡುವಿನ ಚಪ್ಪಡಿಯ ಮೇಲಿಟ್ಟ.

“ಅಲ್ಲಯ್ಯಾ,” ಎಂದ ಹಬೀಬುಲ್ಲಾ, “ಎರಡು ತಿಂಗಳಿಂದ ಮಾತೇ ಬಿಟ್ಟಿದ್ದೀಯ. ಮುರಿಯೋಕೆ ನಮ್ಮಿಬ್ಬರ ಮಧ್ಯೆ ಏನ್ ಉಳಿದಿತ್ತು ಅಂತ ಇಷ್ಟು ಶಾಸ್ತ್ರ?”

“ಮಾತು ಬಿಟ್ಟಿದ್ದೆ ಕಣೋ,” ಎಂದ ನರಸಿಂಹಯ್ಯ. “ನಿನ್ನ ಬಿಟ್ಟಿದ್ನಾ?”

ಹಬೀಬುಲ್ಲಾನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕೆರೆ ನೀರೆಂದು ತೋಳಿನಲ್ಲಿ ಒರೆಸಿಕೊಂಡ. “ತಪ್ಪಾಯ್ತು ಗುರು,” ಎಂದ. ನರಸಿಂಹಯ್ಯ, “ಬಾ, ಮನೆಗೋಗಾನ. ಮೈ ಒಣಗಿಸ್ಕೊ,” ಎಂದು ಅವನ ಕೈ ಹಿಡಿದು ಎಬ್ಬಿಸಿದ. ಗಯಾಸನ ಮದುವೆ, ಈ ಸಲದ ರಾಗಿ, ಕೆಂಪಿಗೆ ಹೆಣ್ಣುಗರುವೋ ಹೋರಿಗರುವೋ, ಎರಡು ತಿಂಗಳ ಮಾತೆಲ್ಲ ಕಟ್ಟೆಯೊಡೆದು ಹರಿಯಿತು. ಹಸುವನ್ನು ಮುಂದೆ ಬಿಟ್ಟುಕೊಂಡು, ಸೈಕಲ್ ತಳ್ಳಿಕೊಂಡು, ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತ ಇಬ್ಬರೂ ಏರಿಯ ತಿರುವು ದಾಟಿ ಮರೆಯಾದರು.

ಚಪ್ಪಡಿಯ ಮೇಲೆ ಜರ್ಮನಿ ಚಾಕು ಒಂಟಿಯಾಗಿ ಬಿಸಿಲು ಕಾಯಿಸುತ್ತಿತ್ತು.