ಹಿಂಬಾಗಿಲಿನ ನೀರು

ಒಂದೂರಿನಲ್ಲಿ ಒಬ್ಬ ಅಳಿಯನಿದ್ದ. ಅತ್ತೆಯ ಕಾರಿಗೆ ಒಂದು ಹನಿ ನೀರೂ ನುಗ್ಗದಂತೆ ಮಾಡಿಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ. ಕಥೆಯ ಅಳಿಯಂದಿರು ಏಳು ಕಡಲು ದಾಟುತ್ತಾರೆ. ಮಿಷಿಗನ್ನಿನ ಈ ಅಳಿಯ ರಾಯ್ಸ್ ಗೆಲ್ಲಬೇಕಾಗಿದ್ದದ್ದು ಕಾರಿನ ಒಂದೇ ಒಂದು ಹಿಂಬಾಗಿಲನ್ನು. ಆ ಶನಿವಾರ ಅದನ್ನು ಮೇಲೆತ್ತಿದ. ಎತ್ತಿದವನೇ ಮುಖ ತಿರುಗಿಸಿ ಓಕರಿಸಿದ.

ಕೊಳೆತ ಮೊಟ್ಟೆಯ ನಾತ. ಮ್ಯಾಟಿನ ಕೆಳಗಿನ ಗುಂಡಿಯಲ್ಲಿ ಸ್ಟೆಪ್ನಿ ಟೈರು ಹೊಂಡಕ್ಕಿಳಿದ ಎಮ್ಮೆಯ ಹಾಗೆ ಮುಳುಗಿ ಮಲಗಿತ್ತು. ನೀರಿನ ಮೇಲೆ ಬೂದು ಲೋಳೆ. ಗುಂಡಿಯ ಗೋಡೆಯ ಸುತ್ತ ಕಿತ್ತಳೆ ಬಣ್ಣದ ಕಲೆ, ಬಳೆ ತೊಡಿಸಿದಂತೆ. ಕಾರ್ಪೆಟ್ಟಿನ ಮೂಲೆಯಲ್ಲಿ ಮೂರು ಅಣಬೆಗಳು ಕಿವಿ ನಿಮಿರಿಸಿಕೊಂಡು ನಿಂತಿದ್ದವು.

"ಥೂ! ಮುಚ್ಚೋ ಅದನ್ನ," ಎಂದಳು ಹೆಂಡತಿ ಕಾರ್ಲಿಸ್, ತೋಳಿನಿಂದ ಮೂಗು ಒತ್ತಿಕೊಂಡು. "ಸೋಮವಾರ ಕಾರು ನೋಡೋಕೆ ಬಂದೋನು ಬೇಲಿ ಹತ್ರ ಹೋಗಿ ವಾಂತಿ ಮಾಡ್ಕೊಂಡ. ರೇಟು ಕೂಡ ಕೇಳ್ಲಿಲ್ಲ."

"ನಂಗೇನೂ ವಾಸನೆ ಬರಲ್ಲಪ್ಪ," ಎಂದರು ಅತ್ತೆ ಐಡೆಲ್ಲಾ ಜಗುಲಿಯಿಂದಲೇ. ಬಿಳಿ ಎನಾಮಲ್ ಜಗ್ಗು ಹಿಡಿದು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು.

"ಕೇಳಿಸ್ತಾ? ಮೂಗೂ ಹೋಯ್ತು," ಎಂದು ಕಾರ್ಲಿಸ್ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. "ಇಂಥೋಳನ್ನ ರಸ್ತೆಗೆ ಬಿಡೋದಂತೆ!"

ಐಡೆಲ್ಲಾಗೆ ಎಪ್ಪತ್ತೆಂಟು. ವಸಂತದಲ್ಲಿ ಕಾರನ್ನು ಹಿಂದಕ್ಕೆ ಬಿಡುವಾಗ ಪಕ್ಕದ ಮನೆಯ ಅಂಚೆಪೆಟ್ಟಿಗೆಯನ್ನು ನೆಲಸಮ ಮಾಡಿದ್ದರು. ಹಿಮ ಬೀಳುವುದರೊಳಗೆ ಕಾರು ಮಾರಲೇಬೇಕೆಂದು ಮಗಳು ಹಟ ಹಿಡಿದಳು. ಹಿಂದಿನ ಗಾಜಿಗೆ 'ಮಾರಾಟಕ್ಕಿದೆ' ಎಂಬ ಹಾಳೆಯನ್ನೂ ಅಂಟಿಸಿದಳು. ಅವರು ಜಗಳವಾಡಲಿಲ್ಲ. ಒಂದೇ ಮಾತು ಹೇಳಿದರು: "ಸೋರೋ ಕಾರನ್ನ ಯಾರ ತಲೆಗೂ ಕಟ್ಟಲ್ಲ. ಹನಿ ನೀರು ಬರದ ಹಾಗೆ ಮಾಡಿ. ಅವತ್ತೇ ಕೀಲಿ ಕೊಡ್ತೀನಿ, ದೇವರಾಣೆ."

ಅಲ್ಲಿಯವರೆಗೆ ಕೀಲಿ ಅವರ ಸ್ವೆಟರಿನ ಜೇಬಿನಲ್ಲಿ. ಪ್ರತಿ ಗುರುವಾರ ಪಟ್ಟಣದ ಗೆಳತಿ ಮರ್ಟಲ್‌ಳನ್ನು ಕೂರಿಸಿಕೊಂಡು ಸರೋವರದ ದಂಡೆಯ ಹೋಟೆಲಿಗೆ ಹೋಗಿ ಇಬ್ಬರೂ ಚೆರಿ ಪೈ ತಿಂದು ಬರುತ್ತಿದ್ದರು. ಮರ್ಟಲ್‌ಗೆ ಕಣ್ಣು ಕಾಣದು. ಕರೆದೊಯ್ಯುವವರು ಬೇರೆ ಯಾರೂ ಇಲ್ಲ. ಈಚೆಗೆ ಅವಳು ಕಿಟಕಿಯಾಚೆ ತಲೆ ಹಾಕಿಕೊಂಡೇ ಪ್ರಯಾಣ ಮಾಡುತ್ತಿದ್ದಳಂತೆ. ಆದರೂ ಒಂದು ಗುರುವಾರವನ್ನೂ ತಪ್ಪಿಸಿಕೊಂಡಿರಲಿಲ್ಲ.

ಮೊದಲ ಸಲ ರಾಯ್ಸ್‌ಗೆ ಕಳ್ಳ ಸಿಕ್ಕಿದ್ದ. ಎಡಗಡೆಯ ಹಿಂದೀಪದ ರಬ್ಬರು ಹರಿದಿತ್ತು. ಬದಲಿಸಿದ. ಎರಡೇ ವಾರಕ್ಕೆ ಮತ್ತೆ ನೀರು. ಕಾರನ್ನು ಪಟ್ಟಣದ ತನ್ನ ಮನೆಗೆ ಒಯ್ದು, ಕಾರ್ಲಿಸ್‌ಳ ಕೈಗೆ ಟಾರ್ಚು ಕೊಟ್ಟು ಹಿಂದೆ ಕೂರಿಸಿ, ಬಾಗಿಲು ಹಾಕಿ, ಹೊರಗಿನಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟ.

"ಬಂತಾ?"

"ನೀರು ಬರ್ಲಿಲ್ಲ, ವಾಂತಿ ಬರ್ತಿದೆ! ತೆಗಿಯೋ ಬಾಗಿಲು!"

ಒಂದು ಹನಿಯೂ ಇಳಿದಿರಲಿಲ್ಲ. ಆದರೂ ವೈರು ಒಳನುಗ್ಗುವ ತೂತಿಗೆ, ಮೇಲಿನ ಬ್ರೇಕ್ ದೀಪದ ಸುತ್ತ ಅಂಟು ಮೆತ್ತಿದ. ಅತ್ತೆಯ ಅಂಗಳಕ್ಕೆ ಮರಳಿದ ವಾರದಲ್ಲೇ ಗುಂಡಿ ಮತ್ತೆ ತುಂಬಿತು.

ಕಳೆದ ಶನಿವಾರ ಕೊನೆಯ ಉಪಾಯ ಹೂಡಿದ್ದ. ಒಳಗಿನ ಸಂದುಸಂದಿಗೂ ಸೀಮೆಸುಣ್ಣದ ಪುಡಿ ಬಳಿದು ಹೋಗಿದ್ದ. ನೀರು ಎಲ್ಲಿಂದಲೇ ಇಳಿಯಲಿ, ಪುಡಿಯ ಮೇಲೆ ಗೆರೆ ಬೀಳಲೇಬೇಕು.

ಈಗ ಟಾರ್ಚು ಹಿಡಿದು ನೋಡಿದ. ಪುಡಿ ಬಳಿದದ್ದು ಬಳಿದ ಹಾಗೇ ಇತ್ತು, ಬೆಳ್ಳಗೆ. ಒಂದು ಗೆರೆಯೂ ಇಲ್ಲ. ಗುಂಡಿ ಮಾತ್ರ ತುಂಬಿತ್ತು.

"ದೆವ್ವ ಹಿಡಿದ ಕಾರು," ಎಂದು ಗೊಣಗುತ್ತ ನೀರು ಮೊಗೆದು ಚೆಲ್ಲಿದ. ಲೋಳೆ ಮುಂಗೈಗೆ ಅಂಟಿ ಜೋಲಾಡಿತು. ತಗಡು ತುಕ್ಕು ಹಿಡಿದಿದೆಯೆಂದು ಕಿತ್ತಳೆ ಕಲೆಯನ್ನು ಚಾಕುವಿನಿಂದ ಕೆರೆಯಲು ಹೊರಟ.

"ಕೆರೀಬೇಡ ಕಣಪ್ಪಾ, ಪೇಂಟು ಹೋಗುತ್ತೆ," ಎಂದು ಐಡೆಲ್ಲಾ ಕೂಗಿದರು. "ವಿನೆಗರ್ ಹಾಕಿ ಒರೆಸು." ಬಾಟಲಿಯನ್ನೂ ತಂದುಕೊಟ್ಟರು.

ಒಂದೇ ಒರೆಸಿಗೆ ಕಲೆ ಮಾಯ. ಅಡಿಯಲ್ಲಿ ನೀಲಿ ಬಣ್ಣ ಹೊಸದರಂತೆ ಹೊಳೆಯಿತು. ತುಕ್ಕಿನ ಸುಳಿವೇ ಇಲ್ಲ.

"ನಿಮಗೆ ಹೇಗಮ್ಮಾ ಗೊತ್ತಾಯ್ತು?"

"ಐವತ್ತು ವರ್ಷ ಮನೆ ತೊಳೆದಿದೀನಲ್ಲ!"

ರಾಯ್ಸ್ ಕೈ ತೊಳೆಯಲು ಅಡುಗೆಮನೆಗೆ ಹೋದ. ಆ ರಸ್ತೆಯ ಮನೆಗಳಿಗೆಲ್ಲ ಅಂಗಳದ ಕೊಳವೆಬಾವಿಯದೇ ನೀರು. ಅದರಲ್ಲೇ ಬದುಕುವವರಿಗೆ ಏನೂ ಅನ್ನಿಸುವುದಿಲ್ಲ. ಬಂದುಹೋಗುವವರು ಉಸಿರು ಬಿಗಿಹಿಡಿದು ಕೈ ತೊಳೆಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಅವನೂ ಹಾಗೇ ತೊಳೆಯುತ್ತಿದ್ದ. ಇಂದು ಉಸಿರು ಹಿಡಿಯಲು ಮರೆತ.

ನಲ್ಲಿ ತಿರುಗಿಸಿದ. ಮೂಗಿಗೆ ಬಡಿದದ್ದು ಅದೇ ಕೊಳೆತ ಮೊಟ್ಟೆಯ ನಾತ.

ಐಡೆಲ್ಲಾ ಒಳಗೆ ಬಂದು ಖಾಲಿ ಜಗ್ಗನ್ನು ಸಿಂಕಿನ ಪಕ್ಕ ಇಟ್ಟರು. ಸಿಂಕಿನಲ್ಲೂ ಜಗ್ಗಿನ ಒಳಗೂ ಒಂದೊಂದು ಕಿತ್ತಳೆ ಬಳೆ.

"ಸಿಕ್ತಾ, ನೀರು ಎಲ್ಲಿಂದ ಬರುತ್ತೆ ಅಂತ?" ಅವರ ದನಿ ಸಣ್ಣಗಾಗಿತ್ತು.

"ಸಿಕ್ತಮ್ಮ."

"ನಿಲ್ಸೋಕೆ ಆಗುತ್ತಾ?"

"ಆಗುತ್ತೆ. ಒಂದು ನಿಮಿಷದ ಕೆಲಸ."

ಐಡೆಲ್ಲಾ ಸ್ವೆಟರಿನ ಜೇಬಿಗೆ ಕೈ ಹಾಕಿ, ಕೊಟ್ಟ ಮಾತಿನಂತೆ ಕೀಲಿಯನ್ನು ಮೇಜಿನ ಮೇಲಿಟ್ಟರು.

ರಾಯ್ಸ್ ಅದನ್ನು ಮುಟ್ಟಲಿಲ್ಲ. ಹೊರಗೆ ಬಂದ. "ಅಂಟು ಬೇಡ್ವಾ? ಹತಾರ ಬೇಡ್ವಾ?" ಎಂದು ಕಾರ್ಲಿಸ್ ಮೂಗು ಮುಚ್ಚಿಕೊಂಡೇ ಕೇಳುತ್ತಿದ್ದಳು. ಅವನು ಹಿಂಬಾಗಿಲನ್ನು ಎಳೆದು ಮುಚ್ಚಿ, ಗಾಜಿನ ಮೇಲಿದ್ದ 'ಮಾರಾಟಕ್ಕಿದೆ' ಹಾಳೆಯನ್ನು ಉಗುರಿನಿಂದ ಎಬ್ಬಿಸಿ, ಪೂರ್ತಿ ಕಿತ್ತು, ಮಡಚಿ ಜೇಬಿಗಿಟ್ಟುಕೊಂಡ.

ಆಮೇಲೆ ಆ ಕಾರಿನೊಳಗೆ ಒಂದು ಹನಿ ನೀರೂ ಬರಲಿಲ್ಲ.